ಡಾಂಬರು ಗುಳಿಗೆ ಮತ್ತು ಅಜ್ಜಿಯ ಚಂದ್ರಕಾಳಿ

ನಮ್ಮ ಮನೆಯ ಹಳೆಯ ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವುದು ಡಾಂಬರು ಗುಳಿಗೆಯ ವಾಸನೆ. ಅದರ ಕೆಳಗೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಇಳಕಲ್ ಸೀರೆ. ಕಪ್ಪೆಂದರೆ ಕಪ್ಪು, ಬಿಸಿಲಿಗೆ ಹಿಡಿದರೆ ಮಾತ್ರ ನೀಲಿ. ನಮ್ಮ ಕಡೆ ಇದಕ್ಕೆ ಚಂದ್ರಕಾಳಿ ಅಂತಾರೆ. ಅಜ್ಜಿ ಅದನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು, ಮಡಿಕೆ ಬದಲಿಸಿ ಮತ್ತೆ ಒಳಗಿಡುತ್ತಿದ್ದಳು. ಒಮ್ಮೆಯೂ ಉಟ್ಟಿದ್ದನ್ನು ನಾನು ಕಂಡಿಲ್ಲ.

“ಇದನ್ನ ಯಾಕ ಉಡಂಗಿಲ್ಲ ಅಜ್ಜಿ?” ಎಂದು ಸಣ್ಣವಳಿದ್ದಾಗ ಕೇಳಿದ್ದೆ.

“ನಮ್ಮಕ್ಕಂದವಾ ಅದು. ಆಕಿ ಬಾಣಂತನದಾಗ ಹ್ವಾದ್ಲು,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಗಿಡದ ನೀಲಿ ನೋಡು. ಎಷ್ಟು ಒಗದ್ರೂ ಬಣ್ಣ ಬಿಡಂಗಿಲ್ಲ,” ಎಂದು ಮಾತು ಹೊರಳಿಸಿದಳು.

ಅದು 1931ರ ಮಾತು. ಹೆತ್ತ ಆರನೆಯ ದಿನ ಜ್ವರ ಬಂತಂತೆ, ಹನ್ನೊಂದನೆಯ ದಿನಕ್ಕೆ ಎಲ್ಲ ಮುಗಿಯಿತಂತೆ. ಆ ಸೀರೆ, ಆ ಗುಳಿಗೆ, ಆ ಸಾವು, ಮೂರೂ ಒಂದೇ ಕತೆಯ ಎಳೆಗಳು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಡಾಂಬರು ಗುಳಿಗೆ ಎಂಬ ಹೆಸರಿನಲ್ಲೇ ಅದರ ಹುಟ್ಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನಂಥ ಊರುಗಳ ಬೀದಿದೀಪಗಳಿಗೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಗ್ಯಾಸ್ ತೆಗೆಯುತ್ತಿದ್ದರು. ಉಳಿಯುತ್ತಿದ್ದುದು ಕಪ್ಪು, ಅಂಟು, ನಾತದ ಡಾಂಬರು. ಅದನ್ನು ಎಲ್ಲಿ ಚೆಲ್ಲುವುದೆಂಬುದೇ ಒಂದು ತಲೆನೋವು. ಆದರೆ ಅದನ್ನು ಬಟ್ಟಿ ಇಳಿಸಿದಾಗ ಬೆಂಜೀನ್ ಬಂತು, ನ್ಯಾಫ್ತಲೀನ್ ಬಂತು. ನಾವು ಸೀರೆಯ ನಡುವೆ ಇಡುವ ಬಿಳಿ ಗುಳಿಗೆ ಈ ನ್ಯಾಫ್ತಲೀನೇ.

1856ರ ಈಸ್ಟರ್ ರಜೆ. ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಪೂರ್ವ ಲಂಡನ್ನಿನ ತನ್ನ ಮನೆಯಲ್ಲಿ ಪ್ರಯೋಗ ಮಾಡುತ್ತಿದ್ದ. ಡಾಂಬರಿನಿಂದ ಬರುವ ಅನಿಲೀನ್ ಎಂಬ ಎಣ್ಣೆಯಂಥ ವಸ್ತುವಿನಿಂದ ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ತಯಾರಿಸಬೇಕೆಂಬುದು ಅವನ ಆಸೆ. ಕ್ವಿನೈನ್ ಬರಲಿಲ್ಲ, ಕಪ್ಪು ಗಸಿ ಬಂತು. ಪಾತ್ರೆ ತೊಳೆಯಲು ಸ್ಪಿರಿಟ್ ಹಾಕಿದರೆ ಅದು ನೇರಳೆಯಾಯಿತು! ರೇಷ್ಮೆಯ ಚೂರು ಅದ್ದಿ ನೋಡಿದ. ಬಣ್ಣ ಹಿಡಿಯಿತು, ತೊಳೆದರೂ ಹೋಗಲಿಲ್ಲ. ಮಾವ್ ಎಂದು ಹೆಸರಾದ ಆ ಬಣ್ಣದ ಉಡುಪನ್ನು 1858ರಲ್ಲಿ ಮಗಳ ಮದುವೆಗೆ ವಿಕ್ಟೋರಿಯಾ ರಾಣಿಯೇ ಉಟ್ಟಳು. ಒಂದು ಕಾಲದಲ್ಲಿ ಸಮುದ್ರದ ಸಾವಿರಾರು ಶಂಖದ ಹುಳುಗಳನ್ನು ಕೊಂದು ರಾಜರಿಗಾಗಿ ತೆಗೆಯುತ್ತಿದ್ದ ನೇರಳೆ, ಈಗ ಅಂಗಡಿ ಕೆಲಸದ ಹೆಣ್ಣುಮಕ್ಕಳ ರವಿಕೆಗೂ ಬಂತು.

ಇಲ್ಲಿ ಒಂದು ಮಾತಿನ ಸೋಜಿಗ ಹೇಳಬೇಕು. ಅನಿಲೀನ್ ಎಂಬ ಹೆಸರು ಬಂದದ್ದು ನಮ್ಮ ‘ನೀಲ’ದಿಂದ. ನೀಲ ಅರಬ್ಬರ ಬಾಯಲ್ಲಿ ‘ಅಲ್-ನೀಲ್’ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಯಿತು. ನೀಲಿಯ ಉಂಡೆಯನ್ನು ಕಾಸ್ಟಿಕ್ ಪೊಟ್ಯಾಶಿನ ಜೊತೆ ಬಟ್ಟಿ ಇಳಿಸಿ ಈ ಎಣ್ಣೆ ತೆಗೆದ ಫ್ರಿಟ್ಜ್ಶೆ ಎಂಬ ರಸಾಯನಶಾಸ್ತ್ರಜ್ಞ ಅದಕ್ಕೆ ಅನಿಲೀನ್ ಎಂದು ಕರೆದ. 1865ರಲ್ಲಿ ಜರ್ಮನಿಯಲ್ಲಿ ಶುರುವಾದ ಬಿಎಎಸ್‌ಎಫ್ ಕಂಪನಿಯ ಹೆಸರಿನ ‘ಎ’ ಕೂಡ ಇದೇ ಅನಿಲೀನ್. ನಮ್ಮ ಮನೆಯ ಮಾತನ್ನು ಹೆಸರಲ್ಲಿಟ್ಟುಕೊಂಡ ಆ ಕಂಪನಿಯೇ ಮುಂದೆ ನಮ್ಮ ನೀಲಿಯ ಬೆಳೆಯನ್ನು ನುಂಗಿತು.

ಆದರೆ ಆ ಬೆಳೆಗಾಗಿ ಅಳುವ ಮುಂಚೆ ಬಂಗಾಳದ ಕಡೆ ನೋಡಬೇಕು. ನೀಲಿ ಗಿಡದ ಸೊಪ್ಪನ್ನು ನೀರಲ್ಲಿ ಕೊಳೆಹಾಕಿ, ಆ ನೀರನ್ನು ಗಾಳಿ ಸೇರುವಂತೆ ಬಡಿದು, ತಳದಲ್ಲಿ ಕೂತ ಗಸಿಯನ್ನು ಒಣಗಿಸಿ ಉಂಡೆ ಕಟ್ಟಬೇಕು. ತೊಟ್ಟಿಯಲ್ಲಿ ಇಳಿದು ನೀರು ಬಡಿದವರು ಕೂಲಿಗಳು, ಲಾಭ ಉಂಡವರು ದೊರೆಗಳು. ಭತ್ತದ ಗದ್ದೆಯಲ್ಲಿ ನೀಲಿ ಬೆಳೆಸಲು ಮುಂಗಡ ಕೊಟ್ಟು, ಸಾಲದಲ್ಲಿ ಕಟ್ಟಿಹಾಕಿ, ಒಪ್ಪದವರನ್ನು ಹೊಡೆಸುತ್ತಿದ್ದರು. 1859ರಲ್ಲಿ ರೈತರು ‘ಬಿತ್ತುವುದಿಲ್ಲ’ ಎಂದು ನಿಂತರು. ಮರುವರ್ಷ ದೀನಬಂಧು ಮಿತ್ರರು ‘ನೀಲದರ್ಪಣ’ ನಾಟಕ ಬರೆದರು. ಅದರ ಇಂಗ್ಲಿಷ್ ಅನುವಾದ ಹೊರತಂದುದಕ್ಕೆ 1861ರಲ್ಲಿ ಪಾದ್ರಿ ಜೇಮ್ಸ್ ಲಾಂಗರಿಗೆ ಒಂದು ತಿಂಗಳ ಸೆರೆ, 1000 ರೂಪಾಯಿ ದಂಡವಾಯಿತು.

ಅತ್ತ ಜರ್ಮನಿಯಲ್ಲಿ ಅಡಾಲ್ಫ್ ಬೇಯರ್ ಎಂಬ ಪಂಡಿತ 1865ರಿಂದ ನೀಲಿಯ ಹಿಂದೆ ಬಿದ್ದಿದ್ದ. 1883ರ ಹೊತ್ತಿಗೆ ಅದರ ಅಣುವಿನ ರಚನೆಯನ್ನು ಬಿಡಿಸಿಟ್ಟ. ಆದರೆ ಪ್ರಯೋಗಶಾಲೆಯ ಒಂದು ಚಿಟಿಕೆಗೂ ಕಾರ್ಖಾನೆಯ ಮೂಟೆಗೂ ಬಹಳ ದೂರ. ಅಗ್ಗದ ಮೂಲವಸ್ತು ಬೇಕಿತ್ತು. ಅದು ಸಿಕ್ಕಿದ್ದು ಎಲ್ಲಿ ಗೊತ್ತೇ? ನ್ಯಾಫ್ತಲೀನಿನಲ್ಲಿ! ನ್ಯಾಫ್ತಲೀನನ್ನು ಗಂಧಕಾಮ್ಲದಲ್ಲಿ ಕಾಯಿಸುವಾಗ ಒಂದು ಥರ್ಮಾಮೀಟರ್ ಒಡೆದು ಪಾದರಸ ಬಿತ್ತಂತೆ. ಕ್ರಿಯೆ ತಟ್ಟನೆ ಚುರುಕಾಯಿತು. ಸುಮಾರು 1 ಕೋಟಿ 80 ಲಕ್ಷ ಮಾರ್ಕ್ ಸುರಿದ ಬಿಎಎಸ್‌ಎಫ್ 1897ರಲ್ಲಿ ಕಾರ್ಖಾನೆಯ ನೀಲಿಯನ್ನು ಪೇಟೆಗೆ ತಂದಿತು. ಆ ವರ್ಷ ಜಗತ್ತಿನಲ್ಲಿ ಗಿಡದಿಂದ ಬಂದ ನೀಲಿ ಸುಮಾರು 19,000 ಟನ್. 1914ರಲ್ಲಿ ಉಳಿದದ್ದು ಸುಮಾರು 1,000 ಟನ್.

ರೈತನ ಕೊರಳ ಉರುಳು ಸಡಿಲಾಯಿತು ಎಂದುಕೊಂಡಿರಾ? ಬಿಹಾರದ ಚಂಪಾರಣ್ಯದಲ್ಲಿ ಇಪ್ಪತ್ತು ಕಠಾ ಹೊಲದಲ್ಲಿ ಮೂರು ಕಠಾ ನೀಲಿ ಬಿತ್ತಲೇಬೇಕೆಂಬ ಕಟ್ಟಳೆಯಿತ್ತು. ನೀಲಿಯ ಬೆಲೆ ಕುಸಿದಾಗ ದೊರೆಗಳು, “ಇನ್ನು ಬಿತ್ತಬೇಡಿ, ಆ ಬಿಡುಗಡೆಗೆ ಬದಲಾಗಿ ಹೆಚ್ಚು ಗೇಣಿ ಕೊಡಿ” ಎಂದರು. ದೂರದ ಜರ್ಮನಿಯ ಒಂದು ಕಡಾಯಿಯ ನಷ್ಟವನ್ನು ನೀಲಿಯ ರೈತನ ತಲೆಗೇ ಕಟ್ಟಿದರು. 1917ರಲ್ಲಿ ರಾಜಕುಮಾರ ಶುಕ್ಲ ಎಂಬ ರೈತ ಹಟ ಹಿಡಿದು ಗಾಂಧೀಜಿಯನ್ನು ಅಲ್ಲಿಗೆ ಕರೆತಂದ. ಆ ಕಟ್ಟಳೆ ಕಾನೂನಿನಿಂದ ರದ್ದಾದದ್ದು 1918ರಲ್ಲಿ.

ಹಾಗಾದರೆ 1931ರಲ್ಲಿ ತೀರಿಕೊಂಡ ದೊಡ್ಡಜ್ಜಿಯ ಸೀರೆಯ ನೀಲಿ ಗಿಡದ್ದೋ, ಡಬ್ಬಿಯದ್ದೋ? ಅಜ್ಜಿ ಗಿಡದ್ದೆಂದೇ ನಂಬಿದ್ದಳು. ರಸಾಯನಶಾಸ್ತ್ರದ ಮಾತು ಬೇರೆ: ಎರಡರಲ್ಲೂ ಬಣ್ಣದ ಅಣು ಒಂದೇ. ನೀಲಿ ನೀರಲ್ಲಿ ಕರಗದು. ನೀಲಗಾರ ಅದನ್ನು ಕೊಡದಲ್ಲಿ ಬೆಲ್ಲ, ಸುಣ್ಣದಂಥವು ಹಾಕಿ ಹುದುಗೆಬ್ಬಿಸಿದಾಗಲೇ ಕರಗುವುದು. ಆಗ ನೂಲು ಹಳದಿ ಹಸಿರಾಗಿ ಮೇಲೇಳುತ್ತದೆ, ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಮತ್ತೆ ಮತ್ತೆ ಅದ್ದಿದರೆ ಕಪ್ಪಿನತ್ತ ತಿರುಗುತ್ತದೆ. ಗಿಡದ್ದಾದರೂ ಅಷ್ಟೇ, ಕಾರ್ಖಾನೆಯದ್ದಾದರೂ ಅಷ್ಟೇ. ನಮ್ಮ ಮಕ್ಕಳ ಜೀನ್ಸ್ ಪ್ಯಾಂಟಿನ ನೀಲಿಯೂ ಅದೇ.

ಬಣ್ಣದ ಕಾರ್ಖಾನೆಗಳೂ ತಮ್ಮ ಬಲಿ ತೆಗೆದುಕೊಂಡವು. 1895ರಲ್ಲೇ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯ ಅನಿಲೀನ್ ಬಣ್ಣದ ಕೂಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬರುವುದನ್ನು ಗುರುತಿಸಿದ್ದ. ನಮ್ಮ ಸರ್ಕಾರ ಹಾನಿಕರವಾದ 70 ಆಜೋ ಬಣ್ಣಗಳನ್ನು ನಿಷೇಧಿಸಿದ್ದು 1997ರಲ್ಲಿ. ನಡುವೆ ನೂರು ವರ್ಷ.

ಆದರೂ ಅದೇ ಕಡಾಯಿಯಿಂದ ಇನ್ನೊಂದು ಬಂತು. ಬಣ್ಣವು ಬಟ್ಟೆಯ ಎಳೆಯನ್ನು ಹಿಡಿಯುವಂತೆ ರೋಗಾಣುವನ್ನೂ ಹಿಡಿದೀತೇ ಎಂದು ಕೆಲವರು ಹುಡುಕುತ್ತಿದ್ದರು. 1932ರಲ್ಲಿ, ದೊಡ್ಡಜ್ಜಿ ತೀರಿಕೊಂಡ ಮರುವರ್ಷ, ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಒಂದು ಕೆಂಪು ಆಜೋ ಬಣ್ಣವನ್ನು ಸೋಂಕು ತಗುಲಿಸಿದ ಇಲಿಗಳಿಗೆ ಕೊಟ್ಟು ನೋಡಿದ. ಇಲಿಗಳು ಬದುಕಿದವು. ಅದೇ ಪ್ರೊಂಟೋಸಿಲ್. 1935ರ ಡಿಸೆಂಬರಿನಲ್ಲಿ ಅವನ ಪುಟ್ಟ ಮಗಳ ಕೈಗೆ ಹೊಲಿಗೆ ಸೂಜಿ ಚುಚ್ಚಿ ನಂಜೇರಿತು. ಕೈಯನ್ನೇ ಕತ್ತರಿಸುವ ಮಾತು ಬಂದಾಗ ತಂದೆ ತನ್ನ ಕೆಂಪು ಮದ್ದನ್ನೇ ಕೊಟ್ಟ. ಮಗಳೂ ಉಳಿದಳು, ಕೈಯೂ ಉಳಿಯಿತು.

ಬಾಣಂತಿ ಜ್ವರ ತರುವುದು ಬಹುಮಟ್ಟಿಗೆ ಅದೇ ಜಾತಿಯ ರೋಗಾಣು. ಹೆರಿಗೆ ಮಾಡಿಸುವವರು ಕೈ ತೊಳೆದರೆ ಅದು ತಗ್ಗುತ್ತದೆಂದು ವಿಯೆನ್ನಾದ ಸೆಮೆಲ್ವೈಸ್ 1847ರಲ್ಲೇ ತೋರಿಸಿದ್ದ. ಆದರೆ ಒಮ್ಮೆ ಜ್ವರ ಹತ್ತಿದ ಮೇಲೆ ಕೈಯಲ್ಲಿ ಮದ್ದಿರಲಿಲ್ಲ. 1936ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲೆಟ್ ಆಸ್ಪತ್ರೆಯಲ್ಲಿ ಲೆನಾರ್ಡ್ ಕೋಲ್‌ಬ್ರೂಕ್ ಮತ್ತು ಮೀವ್ ಕೆನ್ನಿ ಎಂಬ ವೈದ್ಯೆ ಈ ಜ್ವರದ 38 ಬಾಣಂತಿಯರಿಗೆ ಪ್ರೊಂಟೋಸಿಲ್ ಕೊಟ್ಟರು. ಸತ್ತವರು ಮೂವರು. ಅಲ್ಲಿಯವರೆಗೆ ಆ ವಾರ್ಡು ಅಷ್ಟು ಕಡಿಮೆ ಸಾವು ಕಂಡಿರಲಿಲ್ಲ. ಮದ್ದಿನ ಗುಣ ಕೆಂಪು ಬಣ್ಣದ್ದಲ್ಲ, ದೇಹದೊಳಗೆ ಅದರಿಂದ ಒಡೆದು ಬರುವ ಸಲ್ಫನಿಲಮೈಡ್‌ನದು ಎಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಅಷ್ಟರಲ್ಲೇ ಕಂಡುಹಿಡಿದಿದ್ದರು. ಅದು 1908ರಲ್ಲೇ ತಯಾರಾಗಿದ್ದ, ಪೇಟೆಂಟಿನ ಹಂಗಿಲ್ಲದ ಅಗ್ಗದ ವಸ್ತು! ಯಾರೂ ಅದನ್ನು ಮದ್ದೆಂದು ನೋಡದೆ ಇಪ್ಪತ್ತೇಳು ವರ್ಷ ಕಪಾಟಿನಲ್ಲಿತ್ತು.

ಆ ಇಪ್ಪತ್ತೇಳು ವರ್ಷಗಳ ನಡುವೆ 1931 ಬರುತ್ತದೆ. ಅದನ್ನು ಮೊದಲ ಸಲ ಓದಿದ ದಿನ ನನಗೆ ಅಡಿಗೆಮನೆಗೆ ಹೋಗಿ ಕೆಲಸ ಮಾಡಲಾಗಲಿಲ್ಲ.

ಅಜ್ಜಿಗೆ ಇದನ್ನೆಲ್ಲ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅವಳು ಇರಲಿಲ್ಲ. ಇದ್ದಿದ್ದರೂ ಏನೆಂದು ಹೇಳುವುದು? “ಮದ್ದು ಇತ್ತು ಅಜ್ಜಿ, ಅದು ಮದ್ದಂತ ಯಾರಿಗೂ ಗೊತ್ತಿರಲಿಲ್ಲ” ಎಂದೇ? ನನ್ನ ಮಗಳ ಬಾಣಂತನದ ಆರನೆಯ ದಿನ ಸಣ್ಣಗೆ ಮೈ ಬೆಚ್ಚಗಾದಾಗ ಡಾಕ್ಟರಮ್ಮ ನಗುತ್ತಲೇ ಐದು ದಿನದ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಅವಳು ಎದ್ದು ಕೂತು ಊಟ ಕೇಳಿದಳು. ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಈ ಸಲವೂ ಯುಗಾದಿಯ ಮುಂಚೆ ಸೀರೆಯನ್ನು ಬಿಸಿಲಿಗೆ ಹಾಕಿದೆ. ಮಡಿಕೆ ಬದಲಿಸಿದೆ, ಹೊಸ ಗುಳಿಗೆ ಎರಡನ್ನು ಚೀಟಿಯಲ್ಲಿ ಕಟ್ಟಿ ಪಕ್ಕಕ್ಕಿಟ್ಟೆ. ಬಣ್ಣ ಹಾಗೇ ಇದೆ.