ಹೆಬ್ಬಾಳದ ಕಿಟ್ಟಯ್ಯನ ಕಲ್ಲು ಮತ್ತು ಮಾರ್ಗದರ್ಶಿಯ ಮಾತು

ಹಸ್ತಪ್ರತಿಯನ್ನು ಸಂಪಾದಿಸುವ ವಿದ್ವಾಂಸರು ಮೂಲಪಾಠ, ವ್ಯಾಖ್ಯಾನ, ಪ್ರಕ್ಷಿಪ್ತ ಎಂಬ ಮೂರನ್ನು ಬೇರ್ಪಡಿಸಿ ನೋಡುತ್ತಾರೆ. ಪ್ರಾಚೀನ ಸ್ಥಳಗಳನ್ನು ಯಾತ್ರಿಕರಿಗೂ ಪ್ರವಾಸಿಗರಿಗೂ ತೋರಿಸಿ ವಿವರಿಸುವ ಮಾರ್ಗದರ್ಶಿಗೂ ಈ ವಿವೇಕವು ಅಷ್ಟೇ ಅವಶ್ಯಕ. ಬೆಂಗಳೂರಿನ ಉತ್ತರ ಭಾಗದಲ್ಲಿರುವ ಹೆಬ್ಬಾಳದ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನವಾಗಿದೆ.

2018ರಲ್ಲಿ ಚರಂಡಿಯ ಕಾಮಗಾರಿ ನಡೆಯುತ್ತಿದ್ದಾಗ ಈ ಕಲ್ಲು ಬೆಳಕಿಗೆ ಬಂದಿತು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಇದು ಸೇರಿರಲಿಲ್ಲ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಪೆರ್ಬೊಳಲ್‌ನಾಡು ಮೂವತ್ತರಲ್ಲಿ, ರಟ್ಟವಾಡಿಯವರ, ಎಂದರೆ ರಾಷ್ಟ್ರಕೂಟರ ದಾಳಿಯ ಸಂದರ್ಭದಲ್ಲಿ ಹೋರಾಡಿ ಮಡಿದ ಕಿಟ್ಟಯ್ಯನೆಂಬ ವೀರನ ಸ್ಮಾರಕವಿದು. ಇದರ ಕಾಲವನ್ನು ಸುಮಾರು ಕ್ರಿ.ಶ. 750 ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಬೆಂಗಳೂರಿನಲ್ಲಿ ಇದುವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದನ್ನೇ ಅತ್ಯಂತ ಪ್ರಾಚೀನವೆಂದು ಗಣಿಸಲಾಗಿದೆ. ಮಿಥಿಕ್ ಸೊಸೈಟಿಯ ಶಾಸನ ಸಂರಕ್ಷಣ ಯೋಜನೆಯು ಈ ಕಲ್ಲಿನ ಮೂರು ಆಯಾಮದ ಪ್ರತಿಕೃತಿಯನ್ನು ಗಣಕಯಂತ್ರದಲ್ಲಿ ದಾಖಲಿಸಿದೆ.

ಇದರ ಮುಂದೆ ನಿಂತು ಮಾತನಾಡುವವನು ಏನನ್ನು ಹೇಳಬೇಕು? ಅರಸನ ಹೆಸರು, ನಾಡಿನ ಹೆಸರು, ವೀರನ ಮರಣ ಇವು ಮೂಲಪಾಠಕ್ಕೆ ಸೇರಿದವು. ಪೆರ್ಬೊಳಲೇ ಇಂದಿನ ಹೆಬ್ಬಾಳ ಎಂಬುದು ವ್ಯಾಖ್ಯಾನ. ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ. ಪಕಾರವು ಹಕಾರವಾಗುವುದನ್ನು ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರು ಬಲ್ಲರು. ಆದುದರಿಂದ ಈ ವ್ಯಾಖ್ಯಾನವು ಸಾಧಾರವಾದುದು. ಆದರೂ ಅದನ್ನು ವ್ಯಾಖ್ಯಾನವೆಂದೇ ಹೇಳಬೇಕು. ಹಾಗೆಯೇ 750ರ ಹಿಂದಿರುವ ‘ಸುಮಾರು’ ಎಂಬ ಮಾತನ್ನು ಬಿಡಬಾರದು.

ಪ್ರಕ್ಷಿಪ್ತದ ಆಸೆ ಹುಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗಂಗರಾಜ್ಯದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ಕಾರಣರೆಂದು ಪರಂಪರೆಯು ಹೇಳುತ್ತದೆ. ಶ್ರೀಪುರುಷನು ಶಕವರ್ಷ 698ರಲ್ಲಿ, ಎಂದರೆ ಕ್ರಿ.ಶ. 776ರಲ್ಲಿ, ಕುಂದಾಚ್ಚಿಯು ಶ್ರೀಪುರದಲ್ಲಿ ಕಟ್ಟಿಸಿದ ಲೋಕತಿಲಕ ಜಿನಾಲಯಕ್ಕೆ ಪೊನ್ನಳ್ಳಿಯನ್ನು ದತ್ತಿಯಾಗಿ ಕೊಟ್ಟುದು ದೇವರಹಳ್ಳಿಯ ತಾಮ್ರಪಟಗಳಿಂದ ತಿಳಿಯುತ್ತದೆ. ಇವೆರಡನ್ನೂ ಸೇರಿಸಿ ಕಿಟ್ಟಯ್ಯನು ಜೈನವೀರನೆಂದು ಹೇಳಿದರೆ ಕೇಳುವ ಶ್ರಾವಕರಿಗೆ ಸಂತೋಷವಾದೀತು. ಆದರೆ ಅರಸನ ಔದಾರ್ಯವು ಹಳ್ಳಿಯ ವೀರನ ಧರ್ಮಕ್ಕೆ ಪ್ರಮಾಣವಲ್ಲ. ಲಿಪಿಕಾರನು ಸೇರಿಸಿದ ಪದ್ಯವನ್ನು ಬೇರೆ ಪ್ರತಿಗಳ ನೆರವಿನಿಂದ ತೆಗೆಯಬಹುದು. ಬಾಯಿಂದ ಬಾಯಿಗೆ ಹರಡಿದ ಮಾತನ್ನು ತಿದ್ದಲು ಅಂತಹ ಪ್ರತ್ಯಂತರವಿಲ್ಲ.

ಆದರೂ ಮಾರ್ಗದರ್ಶಿಯ ಕಾರ್ಯವನ್ನು ಪಂಡಿತರು ಕಡೆಗಣಿಸುವಂತಿಲ್ಲ. ಶಾಸನವು ಗ್ರಂಥಭಂಡಾರದಲ್ಲಿರುವುದಿಲ್ಲ, ಊರಿನ ಬೀದಿಯಲ್ಲಿರುತ್ತದೆ. ಅದನ್ನು ಕಾಯುವವರು ಅಲ್ಲಿಯ ನಿವಾಸಿಗಳೇ. ಅಕ್ಷರದ ಅರ್ಥ ತಿಳಿಯದಿದ್ದಾಗ ಅದು ಅವರಿಗೆ ಬರಿಯ ಚಪ್ಪಡಿ. ತಿಳಿದ ಮೇಲೆ ತಮ್ಮ ಊರಿನ ದಾಖಲೆ. ಹೆಬ್ಬಾಳದಲ್ಲಿ ಆ ಕಲ್ಲಿಗಾಗಿ ಮಂಟಪವು ಎದ್ದುನಿಂತುದು ಈ ಅರಿವಿನಿಂದಲೇ. ಪಂಡಿತನು ನಿರ್ಣಯಿಸಿದ ಪಾಠವನ್ನು ಹೆಚ್ಚುಕಡಿಮೆಯಿಲ್ಲದೆ ಜನರಿಗೆ ತಲಪಿಸುವ ಮಾರ್ಗದರ್ಶಿಯೂ ಶ್ರುತಸೇವೆಯನ್ನೇ ಮಾಡುತ್ತಾನೆ.