ಕನ್ನಡಕದ ಕಿವಿಗೆ ಇಳಕಲ್ಲ ದಾರ

ಕನ್ನಡಕ ಹಳೆಯದು, ಅದರ ಕಡ್ಡಿಗಳು ಹೊಸವು. ಇಟಲಿಯಲ್ಲಿ 13ನೆಯ ಶತಮಾನದ ಕೊನೆಗೆ ಕನ್ನಡಕ ಹುಟ್ಟಿತು. 1306ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರವಚನ ಮಾಡುತ್ತ ಜೋರ್ದಾನೊ ಎಂಬ ಪಾದ್ರಿ, ಈ ಕಲೆ ಕಂಡುಹಿಡಿದು ಇನ್ನೂ ಇಪ್ಪತ್ತು ವರ್ಷವಾಗಿಲ್ಲ ಎಂದಿದ್ದ. ಆಗಿನ ಕನ್ನಡಕವೆಂದರೆ ಹಿಡಿಕೆಯಿರುವ ಎರಡು ಗಾಜು, ಅವನ್ನು ಜೋಡಿಸುವ ಒಂದು ಮೊಳೆ. ಮೂಗಿನ ಮೇಲಿಟ್ಟು ಕೈಯಲ್ಲಿ ಹಿಡಿದೇ ಓದಬೇಕು. ಪಕ್ಕದ ಕಡ್ಡಿಗಳು ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್‌ನ ಅಂಗಡಿಯಲ್ಲಿ ಮಾರಾಟಕ್ಕೆ ಬಂದದ್ದು 1730ರ ಆಸುಪಾಸಿನಲ್ಲಿ. ಅವೂ ಕಿವಿಯ ಹಿಂದೆ ಬಾಗುತ್ತಿರಲಿಲ್ಲ, ಕಣತಲೆಯನ್ನು ಒತ್ತಿ ನಿಲ್ಲುತ್ತಿದ್ದವು. ಕನ್ನಡಕವನ್ನು ಮುಖದ ಮೇಲೆ ನಿಲ್ಲಿಸುವುದು ಹೇಗೆ ಎಂಬ ಸಣ್ಣ ಪ್ರಶ್ನೆಗೆ ಉತ್ತರ ಸಿಗಲು ನಾನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಈ ನಡುವೆ ಜನ ಸುಮ್ಮನೆ ಕೂತಿರಲಿಲ್ಲ. ಸ್ಪೇನ್‌ನಲ್ಲಿ ಚೌಕಟ್ಟಿಗೆ ರೇಷ್ಮೆಯ ಪಟ್ಟಿ ಕಟ್ಟಿ ಕಿವಿಗೆ ಸುತ್ತಿಕೊಂಡರು. ಚೀನಾದಲ್ಲಿ ದಾರವನ್ನು ಕಿವಿಯ ಮೇಲಿಂದ ಇಳಿಬಿಟ್ಟು ತುದಿಗೆ ಪುಟ್ಟ ತೂಕ ಕಟ್ಟಿದರು. ಕಿವಿಗೂ ಕನ್ನಡಕಕ್ಕೂ ಮೊದಲ ನಂಟು ಬೆಳೆಸಿದ್ದು ದಾರ. ಕಡ್ಡಿ ಬಂದದ್ದು ಆಮೇಲೆ.

ಕನ್ನಡ ನಾಡಿಗೆ ಕನ್ನಡಕ ಬಂದ ಕಥೆಗೂ ಒಳ್ಳೆಯ ಸಾಕ್ಷಿಯಿದೆ. ವಿಜಯನಗರದ ಯತಿ, ಪುರಂದರದಾಸ ಕನಕದಾಸರ ಗುರು ವ್ಯಾಸತೀರ್ಥರ ಜೀವನವನ್ನು ಅವರ ಸಮಕಾಲೀನ ಕವಿ ಸೋಮನಾಥ ಸಂಸ್ಕೃತದಲ್ಲಿ ‘ವ್ಯಾಸಯೋಗಿಚರಿತ’ ಎಂದು ಬರೆದ. ಅದರಲ್ಲಿ ವ್ಯಾಸತೀರ್ಥರು ಕನ್ನಡಕದ ನೆರವಿನಿಂದ ಗ್ರಂಥ ಓದುವ ಪ್ರಸ್ತಾಪ ಬರುತ್ತದೆ. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆಯ ಪಿ. ಕೆ. ಗೋಡೆ 1940ರ ದಶಕದಲ್ಲಿ ಭಾರತದ ಕನ್ನಡಕಗಳ ಇತಿಹಾಸ ಬರೆಯುವಾಗ ಈ ಸಾಲುಗಳನ್ನು ಎತ್ತಿ ತೋರಿಸಿದರು. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ, ವ್ಯಾಸತೀರ್ಥರು ತೀರಿಕೊಂಡದ್ದು 1539ರಲ್ಲಿ. ವಿಜಯನಗರಕ್ಕೆ ಕುದುರೆ ತಂದ ವ್ಯಾಪಾರಿಗಳ ದಾರಿಯಲ್ಲೇ ಕನ್ನಡಕವೂ ಬಂದಿರಬೇಕು.

ಬಂದ ವಸ್ತುವಿಗೆ ನಮ್ಮ ಜನ ತಮ್ಮದೇ ಹೆಸರಿಟ್ಟರು. ‘ಕನ್ನಡಕ’ ಕನ್ನಡಿಯ ಒಡಹುಟ್ಟು. ‘ಸುಲೋಚನ’ ಪಂಡಿತರ ಮಾತು. ‘ಚಷ್ಮಾ’ ಕಣ್ಣು ಎಂಬರ್ಥದ ಪಾರಸಿ ಪದದಿಂದ ಬಂತು. ಬಾಗಲಕೋಟೆಯ ಕಡೆ ಹಿರಿಯರು ಹೇಳುವ ‘ಚಾಳೀಸು’ ನನಗೆ ಎಲ್ಲಕ್ಕಿಂತ ಇಷ್ಟ. ನಲವತ್ತಕ್ಕೆ ಬರುವ ಕಣ್ಣಿನ ಮಬ್ಬಿಗೆ ಆ ಸಂಖ್ಯೆಯನ್ನೇ ಹೆಸರಾಗಿಸಿದ ಪದ ಅದು.

ಆದರೆ ಇವೆಲ್ಲ ಕನ್ನಡಕ ಬಂದ ಕಥೆಗಳು. ಮುರಿದ ಕನ್ನಡಕದ ಕಥೆ ಯಾವ ಗ್ರಂಥದಲ್ಲೂ ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ನವನಗರದಲ್ಲಿ.

ದೀಪಾವಳಿ ರಜೆಗೆ ಚಿಕ್ಕಮ್ಮನ ಮನೆಗೆ ಹೋದವಳು ಬಾದಾಮಿಗೆ ಹೊರಟಿದ್ದೆ. ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನವನ್ನು (ಶಕ 500, ಅಂದರೆ ಕ್ರಿ.ಶ. 578) ಕಲ್ಲಿನ ಮೇಲೇ ನೋಡುವ ಆಸೆ. ಗುಹೆಯ ಮೆಟ್ಟಿಲಲ್ಲಿ ಮಂಗವೊಂದು ಕನ್ನಡಕ ಕಿತ್ತುಕೊಂಡು ಹೋಯಿತು. ಯಾರೋ ಬಾಳೆಹಣ್ಣು ತೋರಿಸಿದಾಗ ಬಿಸಾಕಿತು. ಗಾಜು ಉಳಿದಿತ್ತು, ಎಡಗಡ್ಡಿ ಬುಡದಲ್ಲೇ ಮುರಿದಿತ್ತು. ಮೈನಸ್ ಆರರ ಕಣ್ಣಿಗೆ ಶಾಸನವಿರಲಿ, ಮೆಟ್ಟಿಲೂ ಕಾಣದು. ಮರುದಿನ ಪಾಡ್ಯ, ಕನ್ನಡಕದ ಅಂಗಡಿಗಳು ಮುಚ್ಚಿದ್ದವು. ಸಂಜೆಯ ಬಸ್ಸಿಗೆ ನಾನು ಊರಿಗೆ ಮರಳಬೇಕಿತ್ತು. ಗೋಂದು ಹಚ್ಚಿ ನೋಡಿದೆವು, ಬೆಂಕಿಕಡ್ಡಿ ಇಟ್ಟು ಟೇಪು ಸುತ್ತಿ ನೋಡಿದೆವು. ಯಾವುದೂ ನಿಲ್ಲಲಿಲ್ಲ.

ಚಿಕ್ಕಮ್ಮನ ಅತ್ತೆಯನ್ನು ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತಾರೆ. ತವರು ಇಳಕಲ್ಲು, ನೇಕಾರರ ಮನೆ. ಆಯಿ ಕನ್ನಡಕ ತಿರುಗಿಸಿ ನೋಡಿ ಅಂದರು: “ಕಡ್ಡಿ ಮುರದ್ರ ಏನಾತ ಯವ್ವಾ, ಕಣ್ಣ ಮುರದಿಲ್ಲಲ್ಲ. ಬಾ ಇಲ್ಲೆ.”

ಇಳಕಲ್ಲ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ಸಿಕ್ಕಿಸಿ ಎರಡನ್ನೂ ಜೋಡಿಸುತ್ತಾರೆ. ಇದೇ ಕೊಂಡಿ. ಆಯಿ ಕೆಂಪು ದಾರವನ್ನು ನಾಲ್ಕೆಳೆ ಮಾಡಿ ಹೊಸೆದರು. ಚೌಕಟ್ಟಿನಲ್ಲಿ ಉಳಿದಿದ್ದ ತಿರುಪಿನ ತೂತಿಗೆ ಒಂದು ಕುಣಿಕೆ ಹಾಕಿ, ಅದರೊಳಗೆ ಇನ್ನೊಂದನ್ನು ತೂರಿಸಿ, ನನ್ನ ಕಿವಿಯ ಅಳತೆಗೆ ಗಂಟು ಹಾಕಿದರು. ಅವರ ಚಾಳೀಸಿಗೂ ಒಂದು ಕಡೆ ದಾರವೇ ಇತ್ತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ.

“ಹಳೇ ಊರಾಗಿದ್ದಾಗಿಂದ. ಮನಿ ಮುಳಗತೈತಿ ಅಂತ ನೋಟೀಸ್ ಬಂದಾಗ ಓದಿದ್ದು ಇದ ಚಾಳೀಸಿನಾಗ. ದಾರ ಅಷ್ಟ ಬದಲಿ ಮಾಡೇನಿ.”

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಗೆ ನುಗ್ಗುತ್ತದೆಂದು ಮನೆ ಬಿಟ್ಟವರಿಗಾಗಿ ಕಟ್ಟಿದ ಊರು ನವನಗರ. ರಸ್ತೆಗಳು ನೇರ, ಬಡಾವಣೆಗಳಿಗೆ ಸೆಕ್ಟರ್ ನಂಬರು. ಬಿಟ್ಟುಬಂದ ಮನೆಗಳ ಅಳತೆ, ಬೆಲೆ ಎಲ್ಲ ಕಡತಗಳಲ್ಲಿದೆ. ಆ ಕಾಗದಗಳನ್ನು ಜನ ಯಾವ ಕಣ್ಣಿನಿಂದ ಓದಿದರು ಎಂಬುದು ಕಡತದಲ್ಲಿಲ್ಲ. ಅದು ಆಯಿಯ ದಾರದಲ್ಲಿದೆ.

ಪಾಡ್ಯದ ದಿನವೇ ಮತ್ತೆ ಬಾದಾಮಿಗೆ ಹೋದೆ. ದಾರ ಜಾರಲಿಲ್ಲ. ಮಂಗಳೇಶನ ಅಕ್ಷರಗಳು ಒಂದೊಂದಾಗಿ ಕಂಡವು. ಲಂಡನ್ನಿನ ಕಡ್ಡಿ ಬರುವ ಮೊದಲು ಸ್ಪೇನಿನ ಓದುಗರು ಮಾಡಿದ್ದನ್ನೇ ಇಳಕಲ್ಲಿನ ಹೆಣ್ಣುಮಗಳು ಯಾರನ್ನೂ ಕೇಳದೆ ಮಾಡಿದ್ದರು. ಇದು ಒಬ್ಬರಿಂದ ಒಬ್ಬರಿಗೆ ದಾಟಿದ ವಿದ್ಯೆಯಲ್ಲ. ಮೂಗು, ಕಿವಿ, ದಾರ ಇರುವಲ್ಲೆಲ್ಲ ಹೊಸದಾಗಿ ಹುಟ್ಟುವ ಉಪಾಯ.

2020ರಲ್ಲಿ ಬ್ರಿಸ್ಟಲ್‌ನ ಹರಾಜಿನಲ್ಲಿ ಗಾಂಧೀಜಿಯವರದೆನ್ನಲಾದ ಕನ್ನಡಕ 2,60,000 ಪೌಂಡಿಗೆ ಮಾರಾಟವಾಯಿತು. ದೊಡ್ಡವರ ವಸ್ತುಗಳು ಹಾಗೆ ಉಳಿಯುತ್ತವೆ. ದಾರ ಕಟ್ಟಿದ ಕನ್ನಡಕವನ್ನು ಮಾತ್ರ ಹೊಸದು ಬಂದ ದಿನವೇ ಎಸೆಯುತ್ತೇವೆ. ವಸ್ತುಗಳ ಇತಿಹಾಸ ಬರೆಯುವ ನಾವು ಕಂಡುಹಿಡಿದವರ ಹೆಸರು, ಕೊಂಡವರ ಲೆಕ್ಕ ಹುಡುಕುತ್ತೇವೆ. ರಿಪೇರಿ ಮಾಡಿದವರು ರಸೀದಿ ಬರೆಯಲಿಲ್ಲ. ಅದನ್ನು ತಿಳಿಯಬೇಕೆಂದರೆ ದಾರ ಬದಲಿಸುತ್ತ ಬಂದವರು ಇರುವಾಗಲೇ ಅವರ ಪಕ್ಕ ಕೂತು ಕೇಳಬೇಕು.