ಸಿರಿಯ ಮನೆ ಯಾರದು?

ಕೊಡಿಯಾಲ್‌ಬೈಲ್ ಎಂಬ ಹೆಸರಿನಲ್ಲಿ ಎರಡು ಮಾತುಗಳಿವೆ. ಕೊಡಿಯಾಲವೆಂದರೆ ಕೊಂಕಣಿಗರ ಮಂಗಳೂರು. ಬೈಲು ಎಂದರೆ ನೀರು ನಿಲ್ಲುವ ತಗ್ಗಿನ ಗದ್ದೆ. ಈಗ ಅಲ್ಲಿ ಕಾಲೇಜುಗಳೂ ಬಹುಮಹಡಿಯ ಮನೆಗಳೂ ಎದ್ದಿವೆ. 1974ರಿಂದ ಕಾನೂನು ಕಾಲೇಜೂ ಒಂದಿದೆ. ಆ ದಾರಿಯಲ್ಲಿ ಹೋಗುವಾಗ ನನ್ನ ಮನಸ್ಸಿಗೆ ಬರುವ ಪ್ರಶ್ನೆಯೊಂದುಂಟು: ಗದ್ದೆ ಹೋಗಿ ನಿವೇಶನವಾದ ಈ ನೆಲದಲ್ಲಿ ದಾಂಪತ್ಯ ಮುರಿದರೆ ಯಾರು ಏನನ್ನು ಹಿಡಿದು ಹೊರಡಬೇಕು? ಹಿಂದೆ ಇದು ಹೇಗೆ ನಡೆಯುತ್ತಿತ್ತು?

ತುಳುನಾಡಿನ ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ ರೂಢಿಯಲ್ಲಿತ್ತು. ಭೂತಾಳಪಾಂಡ್ಯನೆಂಬ ಅರಸ ಅದನ್ನು ಕಟ್ಟು ಮಾಡಿದನೆಂದು ಐತಿಹ್ಯ ಹೇಳುತ್ತದೆ. ಆಸ್ತಿ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ. ತಾಯಿಯ ಕಡೆಯಿಂದ ಇಳಿದು ಬಂದ ಕುಟುಂಬದ್ದು. ಗಂಡಸಿನ ವಾರಸುದಾರರು ಅವನ ಮಕ್ಕಳಲ್ಲ, ಸೋದರಿಯ ಮಕ್ಕಳು. ಹೆಣ್ಣು ಗಂಡನ ಮನೆಗೆ ಹೋಗಿ ಬಾಳಿದರೂ ಅವಳ ಬೇರು ಹುಟ್ಟಿದ ಮನೆಯಲ್ಲೇ. ಹಾಗಾಗಿ ಸಂಬಂಧ ಕಡಿದುಹೋದರೆ ಭೂಮಿ ಪಾಲು ಮಾಡುವ ತೊಡಕೇ ಇರಲಿಲ್ಲ. ಬೆರೆಯದ್ದನ್ನು ಬೇರ್ಪಡಿಸುವುದೇನು? ಅವಳು ಮಕ್ಕಳನ್ನು ಕರೆದುಕೊಂಡು ತನ್ನ ಕುಟುಂಬಕ್ಕೆ ಮರಳುತ್ತಿದ್ದಳು. ಅಲ್ಲಿ ಅವಳಿಗೂ ಮಕ್ಕಳಿಗೂ ಅನ್ನದ ಹಕ್ಕಿತ್ತು.

ಇದನ್ನು ಕೇಳಿ ಸ್ವರ್ಗವೆಂದು ತಿಳಿಯಬಾರದು. ಹಕ್ಕು ಬೇರೆ, ಕೈವಶ ಬೇರೆ. ಪಾಡ್ದನದ ಸಿರಿಯನ್ನು ನೆನೆಯಿರಿ. ಅವಳ ಬಯಕೆಯ ಸೀರೆಯನ್ನು ಗಂಡ ಕಾಂತು ಪೂಂಜನ ಸೂಳೆ ಸಿದ್ದು ಮೊದಲು ಉಟ್ಟಳೆಂದು ಅವಳು ಅದನ್ನು ಒಲ್ಲೆನೆಂದಳು. ಕೊನೆಗೆ ಗಂಡನನ್ನೇ ಬಿಟ್ಟಳು. ಬಿಡುವುದಕ್ಕೆ ಯಾರೂ ಅವಳನ್ನು ತಡೆಯಲಾಗಲಿಲ್ಲ. ಆದರೆ ಸಾಕಿ ಬೆಳೆಸಿದ ಅಜ್ಜ ತೀರಿಕೊಂಡ ಮೇಲೆ ಸತ್ಯನಾಪುರದ ಮನೆಗೆ ಬೇರೊಬ್ಬ ಹಕ್ಕು ಹೂಡಿದಾಗ ನ್ಯಾಯ ಹೇಳಬೇಕಾದವರು ಅವಳ ಕಡೆ ನಿಲ್ಲಲಿಲ್ಲ. ಹಸುಗೂಸನ್ನೂ ದಾಸಿ ದಾರುವನ್ನೂ ಕರೆದುಕೊಂಡು ಅವಳು ಹೊರಟಳು. ಅವಳ ಮಾತಿಗೆ ಮನೆ ಉರಿದುಹೋಯಿತು. ಪಾಠಭೇದಗಳು ಎಷ್ಟೋ ಇವೆ. ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವೊಂದೇ 15,683 ಸಾಲುಗಳಷ್ಟಿದ್ದು, 1998ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳು ಇಂದಿಗೂ ಸಿರಿ ಜಾತ್ರೆಗಳಲ್ಲಿ ಆ ಕಥೆಯನ್ನು ಮೈಮೇಲೆ ತಂದುಕೊಳ್ಳುವುದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ.

ಇಂಗ್ಲಿಷರ ನ್ಯಾಯಾಲಯಗಳು ಬಂದ ಮೇಲೆ ಈ ರೂಢಿ ಬಿಗಿಯಾಯಿತು. ಕುಟುಂಬದ ಆಸ್ತಿಯಲ್ಲಿ ಒಬ್ಬ ಸದಸ್ಯ ಬಲಾತ್ಕಾರದಿಂದ ಪಾಲು ಕೇಳುವಂತಿಲ್ಲವೆಂದು ಮದ್ರಾಸ್ ಹೈಕೋರ್ಟು 1863ರಲ್ಲಿ ತೀರ್ಮಾನಿಸಿತು. ಆಸ್ತಿ ಒಡೆಯದೆ ಉಳಿಯಿತು. ಆದರೆ ಯಜಮಾನನ ಕೈಯೂ ಗಟ್ಟಿಯಾಯಿತು. ಇನ್ನೊಂದು ಕಡೆ, ಅಷ್ಟು ಸುಲಭವಾಗಿ ಬಿಡಬಹುದಾದ ಸಂಬಂಧ ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲವೆಂಬ ಅಭಿಪ್ರಾಯವೂ ಅದೇ ನ್ಯಾಯಾಲಯದಿಂದ ಬಂತು. ಯಾವುದು ನಮ್ಮ ಹೆಣ್ಣಿನ ಸ್ವಾತಂತ್ರ್ಯವಾಗಿತ್ತೋ ಅದೇ ಅವಳ ಮರ್ಯಾದೆಗೆ ಕುಂದಾಯಿತು.

ಇದಕ್ಕೆ ಉತ್ತರವಾಗಿ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಅದು ಮದುವೆಗೆ ಕಾನೂನಿನ ಮನ್ನಣೆ ಕೊಟ್ಟಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಸಂತತಿ ಸೇರಿದ ‘ಕವರಿ’ಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1955ರ ಹಿಂದೂ ವಿವಾಹ ಕಾಯಿದೆ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡೇ ಜೀವನಾಂಶದ ದಾರಿಯನ್ನು ತೆರೆಯಿತು. 1956ರ ಉತ್ತರಾಧಿಕಾರ ಕಾಯಿದೆಯಿಂದ ಸದಸ್ಯನ ಪಾಲು ಅವನ ಮರಣಾನಂತರ ಕುಟುಂಬಕ್ಕೆ ಮರಳದೆ ವಾರಸುದಾರರಿಗೆ ಹೋಗತೊಡಗಿತು. ಮಕ್ಕಳು ತಂದೆಗೆ ಹತ್ತಿರವಾದರು. ತಾಯಿಯ ತವರು ಚೂರುಚೂರಾಯಿತು.

ಇಂದಿನ ತೊಡಕು ಇಲ್ಲಿದೆ. ಮರಳಿ ಹೋಗುವ ಕುಟುಂಬದ ಮನೆ ಹೋಯಿತು. ಅದರ ಬದಲಿಗೆ ದಾಂಪತ್ಯದ ಗಳಿಕೆಯಲ್ಲಿ ಸಮಪಾಲು ಮಾತ್ರ ಬರಲಿಲ್ಲ. ಗೋವೆಯಲ್ಲಿ ಪೋರ್ಚುಗೀಸರ 1867ರ ಸಂಹಿತೆಯಿಂದ, ಬೇರೆ ಕರಾರಿಲ್ಲದಿದ್ದರೆ, ಗಂಡಹೆಂಡಿರ ಆಸ್ತಿ ಇಬ್ಬರಿಗೂ ಸೇರಿದ್ದು. ನಮ್ಮಲ್ಲಿ ಹಾಗಿಲ್ಲ: ಮನೆಯ ದಸ್ತಾವೇಜು ಯಾರ ಹೆಸರಿನಲ್ಲಿದೆಯೋ ಸಾಮಾನ್ಯವಾಗಿ ಮನೆ ಅವರದು. ಹೆಣ್ಣಿನ ಸ್ತ್ರೀಧನ ಅವಳದೇ, ಗಂಡ ಅದಕ್ಕೆ ಜಂಟಿ ಒಡೆಯನಲ್ಲವೆಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದೆ. ಜೀವನಾಂಶವನ್ನು ಗಂಡನೂ ಹೆಂಡತಿಯೂ ಕೇಳಬಹುದು. ಆದರೆ ಇಪ್ಪತ್ತು ವರ್ಷ ಅಡಿಗೆಮನೆಯಲ್ಲಿ ದುಡಿದುದಕ್ಕೆ ದಸ್ತಾವೇಜಿಲ್ಲ.

ಆದುದರಿಂದ ಮನಸ್ಸು ನೆಟ್ಟಗಿರುವಾಗಲೇ ಲೆಕ್ಕವೂ ನೆಟ್ಟಗಿರಲಿ. ಸಾಲದ ಕಂತು ಯಾರ ಖಾತೆಯಿಂದ ಹೋಯಿತು, ಒಡವೆ ಯಾರ ಲಾಕರಿನಲ್ಲಿದೆ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನು ಇಬ್ಬರೂ ಬಲ್ಲವರಾಗಿರಬೇಕು. ಇದು ಅಪನಂಬಿಕೆಯಲ್ಲ. ನಮ್ಮ ಹಿರಿಯರು ಹೆಣ್ಣನ್ನು ಮದುವೆ ಮಾಡಿ ಕಳಿಸಿದಾಗಲೂ ಅವಳ ಪಾಲಿನ ಒಲೆಯನ್ನು ತವರಿನಲ್ಲಿ ಆರಿಸುತ್ತಿರಲಿಲ್ಲ. ಆ ಒಲೆ ಈಗ ಆರಿದೆ. ಅದರ ಜಾಗದಲ್ಲಿ ಏನನ್ನು ಇಟ್ಟಿದ್ದೇವೆಂದು ಕೇಳಿಕೊಳ್ಳದೆ ಹೋದರೆ ಸಿರಿಯ ಪ್ರಶ್ನೆಗೆ ಉತ್ತರ ಹೇಳುವವರು ನಮ್ಮಲ್ಲೂ ಇಲ್ಲವೆಂದೇ ಅರ್ಥ.